ಗಂಡನೊಂದಿಗೆ ಬಂದವರಿಗೆ ಮೊದಲ ಸರದಿ: ಮಲಾವಿಯ ಗರ್ಭಿಣಿ ತಪಾಸಣೆಯ ದಾಖಲೆಗಳಿಂದ ಕಲಿತದ್ದು

ತಾಯಂದಿರ ಆರೋಗ್ಯಕ್ಕೆ ಸಂಬಂಧಿಸಿದ ಯಾವ ಯೋಜನೆಯ ವರದಿಯನ್ನು ತೆರೆದರೂ ಈಗ ‘ಪುರುಷರ ಭಾಗವಹಿಸುವಿಕೆ’ ಎಂಬ ಅಂಕಣವೊಂದು ಸಿಗುತ್ತದೆ. ಗರ್ಭಿಣಿಯು ಮೊದಲ ತಪಾಸಣೆಗೆ ಗಂಡನೊಂದಿಗೆ ಬಂದಳೇ ಇಲ್ಲವೇ ಎಂಬುದನ್ನು ಅದರಲ್ಲಿ ನಮೂದಿಸುತ್ತಾರೆ. ಆ ಸಂಖ್ಯೆ ಹೆಚ್ಚಿದಷ್ಟೂ ಆ ಊರಿನಲ್ಲಿ ಗಂಡು-ಹೆಣ್ಣಿನ ಸಮಾನತೆ ಬೆಳೆಯುತ್ತಿದೆ ಎಂದು ಓದುವವರು ತಿಳಿಯುತ್ತಾರೆ. ಆಫ್ರಿಕಾದ ಆಗ್ನೇಯ ಭಾಗದಲ್ಲಿರುವ ಮಲಾವಿಯ ಒಂದು ಜಿಲ್ಲೆಯಲ್ಲಿ, ಹಳ್ಳಿಗಳ ಆರೋಗ್ಯ ಕೇಂದ್ರಗಳ ದಾಖಲೆಗಳನ್ನು ಪರಿಶೀಲಿಸಿ ವರದಿ ಸಿದ್ಧಪಡಿಸುವ ಕೆಲಸದಲ್ಲಿ ನಾನಿದ್ದೆ. ಆ ಅಂಕಣದ ಸಂಖ್ಯೆ ಒಂದು ಕೇಂದ್ರದಲ್ಲಿ ಬಹಳ ಚೆನ್ನಾಗಿ ಏರುತ್ತಿತ್ತು. ಅದು ಏಕೆ ಏರುತ್ತಿತ್ತು ಎಂಬುದನ್ನು ಸ್ವಲ್ಪ ವಿವರವಾಗಿ ಬರೆಯಬೇಕೆನಿಸಿದೆ, ಏಕೆಂದರೆ ಇಂಥ ಅಂಕಣಗಳನ್ನು ತುಂಬುವವರು ಮತ್ತು ಓದುವವರು ಕನ್ನಡದವರಲ್ಲಿಯೂ ಸಾಕಷ್ಟು ಜನರಿದ್ದಾರೆ.

ಮಲಾವಿಯನ್ನು ಕೇವಲ ಬಡ ದೇಶವೆಂದು ಕಂಡು ಮುಂದೆ ಹೋಗುವಂತಿಲ್ಲ. ಅಲ್ಲಿನ ರಾಷ್ಟ್ರೀಯ ಜನಸಂಖ್ಯೆ ಮತ್ತು ಆರೋಗ್ಯ ಸಮೀಕ್ಷೆಯ ಪ್ರಕಾರ 2004ರಲ್ಲಿ ಪ್ರತಿ ಒಂದು ಲಕ್ಷ ಜೀವಂತ ಜನನಗಳಿಗೆ 984 ತಾಯಂದಿರು ಸಾಯುತ್ತಿದ್ದರು. 2010ರಲ್ಲಿ ಅದು 675ಕ್ಕೂ, 2015-16ರಲ್ಲಿ 439ಕ್ಕೂ ಇಳಿಯಿತು. ಅದೇ 2015-16ರ ಸಮೀಕ್ಷೆಯಲ್ಲಿ ಶೇ 91ರಷ್ಟು ಹೆರಿಗೆಗಳು ಆಸ್ಪತ್ರೆ ಅಥವಾ ಆರೋಗ್ಯ ಕೇಂದ್ರಗಳಲ್ಲಿ ಆಗಿದ್ದವು. ಸರ್ಕಾರಿ ಚಿಕಿತ್ಸೆಗೆ ಹಣ ಕೊಡಬೇಕಾಗಿಲ್ಲ. ಆದರೆ ಗರ್ಭಿಣಿಯರಲ್ಲಿ ಮೊದಲ ಮೂರು ತಿಂಗಳೊಳಗೆ ತಪಾಸಣೆಗೆ ಬಂದವರು ಶೇ 24 ಮಾತ್ರ. ಹೆರಿಗೆಗೆ ತಪ್ಪದೆ ಬರುವ ಹೆಂಗಸು ಮೊದಲ ತಪಾಸಣೆಗೆ ಮಾತ್ರ ಐದನೆಯ, ಆರನೆಯ ತಿಂಗಳವರೆಗೆ ಏಕೆ ಬರುವುದಿಲ್ಲ ಎಂಬ ಪ್ರಶ್ನೆಗೆ ಹಲವು ಉತ್ತರಗಳಿವೆ: ದೂರ, ಹೊಲದ ಕೆಲಸ, ಬಸಿರನ್ನು ಬೇಗ ಹೊರಗೆ ಹೇಳಬಾರದೆಂಬ ನಂಬಿಕೆ. ನಮ್ಮ ಜಿಲ್ಲೆಯಲ್ಲಿ ಇವುಗಳ ಜೊತೆಗೆ, ಆರೋಗ್ಯ ಕೇಂದ್ರವೇ ತಂದಿಟ್ಟ ಕಾರಣವೊಂದೂ ಇತ್ತು.

ಗಂಡಂದಿರನ್ನು ಕರೆಸುವ ಪದ್ಧತಿ ಕೆಟ್ಟ ಉದ್ದೇಶದಿಂದ ಹುಟ್ಟಿದ್ದಲ್ಲ. ಎಚ್‌ಐವಿ ಇರುವ ಪ್ರತಿಯೊಬ್ಬ ಗರ್ಭಿಣಿಗೂ, ರಕ್ತದ ಕಣಗಳ ಎಣಿಕೆಗಾಗಿ ಕಾಯದೆ, ಜೀವನಪರ್ಯಂತ ಔಷಧ ಕೊಡುವ ನೀತಿಯನ್ನು 2011ರಲ್ಲಿ ಮೊತ್ತಮೊದಲು ಜಾರಿಗೆ ತಂದ ದೇಶ ಮಲಾವಿ. ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಆಮೇಲೆ ಎಲ್ಲರಿಗೂ ಶಿಫಾರಸು ಮಾಡಿತು. ಹೆಂಡತಿ ಔಷಧ ತೆಗೆದುಕೊಳ್ಳುತ್ತಿರುವುದು ಗಂಡನಿಗೆ ತಿಳಿಯದಿದ್ದರೆ ಅವಳು ಮಾತ್ರೆಯನ್ನು ಬಚ್ಚಿಟ್ಟು ನುಂಗಬೇಕಾಗುತ್ತದೆ, ಕೆಲವು ತಿಂಗಳಲ್ಲಿ ಬಿಟ್ಟೂ ಬಿಡುತ್ತಾಳೆ. ಗಂಡನ ಪರೀಕ್ಷೆಯೇ ಆಗದಿದ್ದರೆ ಸೋಂಕು ಮನೆಯೊಳಗೇ ಸುತ್ತುತ್ತಿರುತ್ತದೆ. ಆದ್ದರಿಂದ ಇಬ್ಬರೂ ಒಟ್ಟಿಗೆ ಬರಲಿ ಎಂದು ಬಯಸುವುದು ವೈದ್ಯಕೀಯವಾಗಿ ಸರಿಯೇ ಆಗಿತ್ತು. ಈ ಬಯಕೆಯು ಹಲವು ಆರೋಗ್ಯ ಕೇಂದ್ರಗಳಲ್ಲಿ, ಕಾನೂನಿನಲ್ಲಾಗಲಿ ರಾಷ್ಟ್ರೀಯ ಮಾರ್ಗಸೂಚಿಯಲ್ಲಾಗಲಿ ಇಲ್ಲದ ಒಂದು ನಿಯಮವಾಗಿ ಮಾರ್ಪಟ್ಟಿತು. ಗಂಡನೊಂದಿಗೆ ಬಂದವರನ್ನು ಮೊದಲು ನೋಡುತ್ತಿದ್ದರು. ಒಬ್ಬಳೇ ಬಂದವಳು ಕೊನೆಯವರೆಗೆ ಕಾಯಬೇಕಿತ್ತು, ಇಲ್ಲವೇ ಗಂಡ ಏಕೆ ಬಂದಿಲ್ಲವೆಂದು ಊರಿನ ಮುಖ್ಯಸ್ಥನಿಂದ ಪತ್ರ ಬರೆಸಿಕೊಂಡು ಇನ್ನೊಂದು ದಿನ ಬರಬೇಕಿತ್ತು. ಎರಡು ತಾಸು ನಡೆದು ಬಂದವಳಿಗೆ ‘ಇನ್ನೊಂದು ದಿನ’ ಎಂದರೆ ಮುಂದಿನ ತಿಂಗಳೆಂದೇ ಅರ್ಥ.

ದಾಖಲೆಯ ಕೆಲಸ ಮಾಡುವವನಿಗೆ ಇದು ಕಾಣಿಸುವುದು ಕಷ್ಟ. ಮಲಾವಿಯ ಗರ್ಭಿಣಿ ತಪಾಸಣೆಯ ರಿಜಿಸ್ಟರಿನಲ್ಲಿ ಒಬ್ಬಳಿಗೆ ಒಂದು ಸಾಲು. ಅವಳ ಎಲ್ಲ ಭೇಟಿಗಳೂ, ಎಚ್‌ಐವಿ ಪರೀಕ್ಷೆಯ ಫಲಿತಾಂಶವೂ, ಮಲೇರಿಯಾ ತಡೆಯುವ ಮಾತ್ರೆಯೂ, ಕಬ್ಬಿಣಾಂಶದ ಮಾತ್ರೆಯೂ ಅದೇ ಸಾಲಿನಲ್ಲಿ ಬರುತ್ತವೆ. ಒಳ್ಳೆಯ ವ್ಯವಸ್ಥೆ. ಆದರೆ ಬೆಂಚಿನಿಂದಲೇ ಹಿಂದಕ್ಕೆ ಹೋದವಳಿಗೆ ಅಲ್ಲಿ ಸಾಲೇ ಇರುವುದಿಲ್ಲ. ಲೆಕ್ಕವನ್ನು ಹೀಗೆ ಇಟ್ಟುಕೊಂಡು ನೋಡಬಹುದು: ಒಂದು ಪ್ರದೇಶದಲ್ಲಿ ನೂರು ಗರ್ಭಿಣಿಯರಿದ್ದು, ಅವರಲ್ಲಿ ನಲವತ್ತು ಮಂದಿ ಗಂಡನೊಂದಿಗೆ ಬರುತ್ತಾರೆಂದುಕೊಳ್ಳೋಣ, ಆಗ ವರದಿಯಲ್ಲಿ ಶೇ 40 ಎಂದಿರುತ್ತದೆ. ನಿಯಮ ಬಿಗಿಯಾಗಿ, ಒಬ್ಬರೇ ಬರುತ್ತಿದ್ದ ಅರವತ್ತರಲ್ಲಿ ಮೂವತ್ತು ಮಂದಿ ಬರುವುದನ್ನೇ ಬಿಟ್ಟರೆ, ಒಬ್ಬ ಗಂಡನೂ ಹೊಸದಾಗಿ ಬರದೆ ವರದಿಯ ಸಂಖ್ಯೆ ಶೇ 57ಕ್ಕೆ ಏರುತ್ತದೆ. ಭಾಗಲಬ್ಧ ದೊಡ್ಡದಾಗಲು ಅಂಶ ಬೆಳೆಯಬೇಕಾಗಿಲ್ಲ, ಛೇದ ಕುಗ್ಗಿದರೂ ಸಾಕು ಎಂಬುದನ್ನು ನಾವು ಪ್ರೌಢಶಾಲೆಯಲ್ಲಿಯೇ ಕಲಿತಿರುತ್ತೇವೆ, ಉದ್ಯೋಗದಲ್ಲಿ ಮರೆಯುತ್ತೇವೆ.

ನನಗೆ ಅನುಮಾನ ಬಂದದ್ದು ಅದೇ ರಿಜಿಸ್ಟರಿನ ಇನ್ನೊಂದು ಅಂಕಣದಿಂದ. ಮೊದಲ ಭೇಟಿಯ ಹೊತ್ತಿಗೆ ಎಷ್ಟು ವಾರದ ಬಸಿರು ಎಂಬುದನ್ನೂ ಅಲ್ಲಿ ಬರೆಯುತ್ತಾರೆ. ಗಂಡಂದಿರ ಸಂಖ್ಯೆ ಏರಿದ ಕೇಂದ್ರದಲ್ಲಿ, ಒಬ್ಬರೇ ಬಂದವರ ವಾರಗಳ ಸಂಖ್ಯೆಯೂ ಏರಿತ್ತು. ಅಂದರೆ ಅವರು ಬರುತ್ತಿದ್ದರು, ತಡವಾಗಿ ಬರುತ್ತಿದ್ದರು. ಗರ್ಭಿಣಿಯರಿಗೆ ಮಲೇರಿಯಾ ತಡೆಯುವ ಮಾತ್ರೆಯನ್ನು ರಾಷ್ಟ್ರೀಯ ನೀತಿಯಾಗಿ ಮೊದಲು ಕೊಡಲಾರಂಭಿಸಿದ ದೇಶವೂ ಮಲಾವಿಯೇ, 1993ರಲ್ಲಿ. ಆ ಮಾತ್ರೆಯನ್ನು ನಾಲ್ಕನೆಯ ತಿಂಗಳಿನಿಂದ ಹೆರಿಗೆಯವರೆಗೆ ಅಂತರ ಬಿಟ್ಟು ಹಲವು ಬಾರಿ ನುಂಗಬೇಕು. ಏಳನೆಯ ತಿಂಗಳಲ್ಲಿ ಬಂದವಳಿಗೆ ಅದರ ಪೂರ್ಣ ಪ್ರಯೋಜನ ಸಿಗುವುದಿಲ್ಲ. ಎಚ್‌ಐವಿ ಇದ್ದವಳಾದರೆ ಮಗುವಿಗೆ ದಾಟದಂತೆ ತಡೆಯಲು ಸಿಗುವ ಅವಧಿಯೂ ಅಷ್ಟೇ ಕಿರಿದಾಗುತ್ತದೆ. ಯಾವ ಕಾಯಿಲೆಗಾಗಿ ಗಂಡನನ್ನು ಕರೆಯಲು ಹೊರಟರೋ ಅದೇ ಕಾಯಿಲೆಯ ಚಿಕಿತ್ಸೆ ಇದರಿಂದ ಹಿಂದೆ ಬೀಳುತ್ತಿತ್ತು.

ಹೀಗೆ ತಡವಾಗಿ ಬರುತ್ತಿದ್ದವರು ಯಾರು ಎಂದು ಊರುಗಳಲ್ಲಿ ಹೆಂಗಸರನ್ನು ಕೂರಿಸಿಕೊಂಡು ಕೇಳಿದಾಗ ಸಿಕ್ಕ ಉತ್ತರಗಳಲ್ಲಿ ಅಚ್ಚರಿಯದೇನೂ ಇರಲಿಲ್ಲ, ಕೇಳಿರಲಿಲ್ಲವಷ್ಟೆ. ಗಂಡ ದಕ್ಷಿಣ ಆಫ್ರಿಕಾದಲ್ಲಿ ದುಡಿಯಲು ಹೋಗಿರುವವರು, ಗಂಡನೇ ಇಲ್ಲದವರು, ಬಿಟ್ಟುಹೋದವನ ಮಗುವನ್ನು ಹೊತ್ತವರು, ಎರಡನೆಯ ಹೆಂಡತಿಯಾದ್ದರಿಂದ ಅವನ ಸರದಿಗಾಗಿ ಕಾಯಬೇಕಾದವರು, ಫಲಿತಾಂಶ ಅವನ ಎದುರು ಹೊರಬಿದ್ದರೆ ಹೊಡೆತ ಬೀಳುತ್ತದೆಂದು ಹೆದರಿದವರು. ಪತ್ರ ಬರೆಯಲು ಕೆಲವು ಕಡೆ ಮುಖ್ಯಸ್ಥನಿಗೆ ಕೋಳಿಯನ್ನೋ ಸ್ವಲ್ಪ ಹಣವನ್ನೋ ಕೊಡಬೇಕಾಗುತ್ತಿತ್ತು. ಕಬಾಜಾ ಎಂದು ಕರೆಯುವ ಬಾಡಿಗೆ ಸೈಕಲ್ಲಿನವನಿಗೆ ಒಂದಿಷ್ಟು ಹೆಚ್ಚು ಕೊಟ್ಟು, ಅವನನ್ನೇ ಗಂಡನೆಂದು ಬೆಂಚಿನಲ್ಲಿ ಕೂರಿಸಿಕೊಂಡವರೂ ಇದ್ದರು. ಇದನ್ನು ಹೇಳುವಾಗ ಎಲ್ಲರೂ ನಗುತ್ತಿದ್ದರು, ನಾನೂ ನಕ್ಕೆ. ಆದರೆ ಆ ಸೈಕಲ್ಲಿನವನ ರಕ್ತಪರೀಕ್ಷೆಯೂ ಅವಳ ಗಂಡನ ಹೆಸರಿನಲ್ಲಿ ನಡೆದುಹೋಗಬಹುದೆಂದು ಹೊಳೆದಾಗ, ನಾವು ಸಂಗ್ರಹಿಸುತ್ತಿರುವ ಮಾಹಿತಿಯ ಬೆಲೆಯೇನೆಂಬ ಚಿಂತೆ ಹತ್ತಿತು.

ಇನ್ನೊಂದು ಸಂಗತಿಯನ್ನು ಇಲ್ಲಿ ಹೇಳದೆ ಮುಂದೆ ಹೋಗಲಾಗದು. ಮಲಾವಿಯ ಮಧ್ಯ ಮತ್ತು ದಕ್ಷಿಣ ಭಾಗಗಳ ಚೆವಾ, ಯಾವೊ, ಲೊಮ್ವೆ ಜನರಲ್ಲಿ ವಂಶವೂ ಹೊಲವೂ ತಾಯಿಯ ಕಡೆಯಿಂದ ಬರುತ್ತವೆ. ಮದುವೆಯಾದ ಗಂಡಸು ಹೆಂಡತಿಯ ಊರಿಗೆ ಹೋಗಿ ನೆಲೆಸುವುದು ಹಳೆಯ ಪದ್ಧತಿ. ಮನೆಯ ಹಿರಿತನ ಅವಳ ಅಣ್ಣನದು ಅಥವಾ ಸೋದರಮಾವನದು. ಅಳಿಯಸಂತಾನದ ಮನೆತನಗಳನ್ನು ಬಲ್ಲ ದಕ್ಷಿಣ ಕನ್ನಡ, ಉಡುಪಿಯ ಓದುಗರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಇಂಥ ಕುಟುಂಬದಲ್ಲಿ ಬಸುರಿಯನ್ನು ಯಾವಾಗ ಆಸ್ಪತ್ರೆಗೆ ಕಳಿಸಬೇಕೆಂಬುದನ್ನು ಅವಳ ತಾಯಿ, ಅಜ್ಜಿ, ಸೋದರಮಾವ ಸೇರಿ ನಿರ್ಧರಿಸುವುದು ಸಾಮಾನ್ಯ. ಗಂಡ ಆ ಊರಿಗೆ ಹೊರಗಿನವನು. ಉತ್ತರದ ತುಂಬುಕಾ ಜನರಲ್ಲಿ ಗಂಡಿನ ಕಡೆಯವರು ತೆರ ಕೊಟ್ಟು ಹೆಣ್ಣನ್ನು ತಮ್ಮ ಊರಿಗೆ ಕರೆತರುತ್ತಾರೆ, ಅಲ್ಲಿ ಗಂಡನ ಮಾತಿಗೆ ಬೇರೆಯೇ ತೂಕವಿದೆ. ‘ಗಂಡ ಬಂದನೇ?’ ಎಂಬ ಒಂದೇ ಅಂಕಣ ಎರಡೂ ಕಡೆ ಒಂದೇ ವಿಷಯವನ್ನು ಅಳೆಯುತ್ತದೆ ಎಂದುಕೊಳ್ಳುವುದು, ನನ್ನ ಅಭಿಪ್ರಾಯದಲ್ಲಿ, ನಮೂನೆಯನ್ನು ದೂರದ ಕಚೇರಿಯಲ್ಲಿ ಕುಳಿತು ತಯಾರಿಸಿದವರ ಸೋಮಾರಿತನ.

ನಿಯಮವನ್ನು ಸುಮ್ಮನೆ ತೆಗೆದುಹಾಕಿ ಎಂದು ಹೇಳುವುದು ಸುಲಭವಾಗಿತ್ತು. ಆದರೆ ಸಭೆಯಲ್ಲಿ ಹಿರಿಯ ನರ್ಸ್ ಒಬ್ಬರು ಅದಕ್ಕೆ ಒಪ್ಪಲಿಲ್ಲ, ಅವರ ಮಾತಿನಲ್ಲಿ ಹುರುಳಿತ್ತು. ‘ನೀನು ಬಾ’ ಎಂದು ಗಂಡನಿಗೆ ಹೇಳುವ ಧೈರ್ಯ ಹಲವು ಹೆಂಗಸರಿಗೆ ಇರುವುದಿಲ್ಲ, ‘ಆಸ್ಪತ್ರೆಯವರು ಬರಬೇಕೆಂದಿದ್ದಾರೆ’ ಎಂದು ಹೇಳಲು ಸಾಧ್ಯವಾಗುತ್ತದೆ. ಆ ನೆಪವನ್ನು ಕಸಿದುಕೊಂಡರೆ ಅವರಿಗೆ ನಷ್ಟವೇ ಎಂದು ಅವರು ವಾದಿಸಿದರು. ಊರುಗಳಲ್ಲಿ ಕೇಳಿದಾಗಲೂ ಇದೇ ಮಾತು ಬಂತು. ಕೊನೆಗೆ ಒಪ್ಪಿತವಾದ ಕ್ರಮ ಹೀಗಿತ್ತು: ಮೊದಲು ಬಂದವರಿಗೆ ಮೊದಲ ಸರದಿ, ಜೊತೆಗೆ ಯಾರಿದ್ದರೂ ಇಲ್ಲದಿದ್ದರೂ ಸರಿಯೇ, ಮುಖ್ಯಸ್ಥನ ಪತ್ರ ಬೇಡ, ತಪಾಸಣೆಯ ಕೊಠಡಿಯಲ್ಲಿ ಹೆಂಗಸನ್ನು ಒಬ್ಬಳನ್ನೇ ಕೂರಿಸಿ, ಗಂಡನನ್ನು ಕರೆಸಬೇಕೇ ಎಂದು ಕೇಳುವುದು, ಬೇಕೆಂದವಳ ಕೈಯಲ್ಲಿ ಆರೋಗ್ಯ ಕೇಂದ್ರದ ಮೊಹರಿರುವ ಆಹ್ವಾನ ಪತ್ರವನ್ನು ಅವನ ಹೆಸರಿಗೆ ಬರೆದು ಕೊಡುವುದು. ಪುರುಷರನ್ನು ತೊಡಗಿಸುವ ಕಾರ್ಯಕ್ರಮಗಳು ಹೆಂಗಸಿನ ಆಯ್ಕೆ ಮತ್ತು ಸ್ವಾತಂತ್ರ್ಯವನ್ನು ಗೌರವಿಸುವ ರೀತಿಯಲ್ಲಿ ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2015ರಲ್ಲಿಯೇ ಹೇಳಿದೆ; ಸಭೆಯಲ್ಲಿ ಅದನ್ನು ಓದಿದ್ದಕ್ಕಿಂತ ನರ್ಸಮ್ಮನ ಮಾತೇ ಹೆಚ್ಚು ಕೆಲಸ ಮಾಡಿತು.

ಬರಲಾಗದ ಗಂಡಂದಿರಿಗೆ ಬೇರೆ ದಾರಿಯೂ ಇದೆ. ಮಲಾವಿಯ ಬ್ಲಾಂಟೈರ್ ನಗರದಲ್ಲಿ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಬಾಯಿಯ ದ್ರವದಿಂದ ಎಚ್‌ಐವಿಯನ್ನು ತಾವೇ ಪರೀಕ್ಷಿಸಿಕೊಳ್ಳುವ ಕಿಟ್ಟನ್ನು ಗರ್ಭಿಣಿಯರ ಕೈಯಲ್ಲಿ ಗಂಡಂದಿರಿಗೆ ಕಳಿಸಲಾಯಿತು. ಕಿಟ್ ಮಾತ್ರ ಕೊಟ್ಟಾಗ, ಪರೀಕ್ಷಿಸಿಕೊಂಡು ಆರೋಗ್ಯ ಕೇಂದ್ರಕ್ಕೂ ಬಂದವರು ಐದರಲ್ಲಿ ಒಂದು ಪಾಲಿಗಿಂತ ಕಡಿಮೆ. ಜೊತೆಗೆ 10 ಡಾಲರ್ ಕೊಡುತ್ತೇವೆಂದಾಗ ಅರ್ಧಕ್ಕಿಂತ ಹೆಚ್ಚು. ಇದರಿಂದ ಗಂಡಸರಿಗೆ ಹಣದಾಸೆ ಎಂದು ತೀರ್ಮಾನಿಸುವವರಿದ್ದಾರೆ. ದಿನಗೂಲಿಯವನು ಆಸ್ಪತ್ರೆಯ ಬೆಂಚಿನಲ್ಲಿ ಒಂದು ದಿನ ಕೂತರೆ ಅವತ್ತಿನ ಕೂಲಿ ಹೋಗುತ್ತದೆ ಎಂದು ನಾನು ಓದಿಕೊಳ್ಳುತ್ತೇನೆ. ರುವಾಂಡಾದಲ್ಲಿ ಇನ್ನೂ ನಿಧಾನದ ಕೆಲಸ ನಡೆದಿದೆ: ಬಂಡೆಬೆರೆಹೊ ಎಂಬ ಕಾರ್ಯಕ್ರಮದಲ್ಲಿ ಗಂಡಂದಿರು 15 ಬೈಠಕ್‌ಗಳಲ್ಲಿ, ಅವುಗಳಲ್ಲಿ 8ಕ್ಕೆ ಹೆಂಡತಿಯರೊಂದಿಗೆ, ಕುಳಿತು ಮನೆಗೆಲಸ, ಹಣ, ಹೆರಿಗೆ, ಹೊಡೆತದ ಬಗ್ಗೆ ಮಾತನಾಡಿದರು, ಹಿಂಸೆ ಕಡಿಮೆಯಾದುದನ್ನು 2018ರಲ್ಲಿ ಪ್ರಕಟವಾದ ಅದರ ಮೌಲ್ಯಮಾಪನ ತೋರಿಸಿತು. ಗೇಟಿನಲ್ಲಿ ಗಂಡನ ಹಾಜರಿ ತೆಗೆದುಕೊಂಡು ಇಂಥ ಫಲ ಬರುವುದಿಲ್ಲ.

ಬೆಂಚಿಗೆ ಬಾರದವರನ್ನು ಎಣಿಸುವ ಕೆಲಸ ಊರಿನಲ್ಲಿಯೇ ಆಗಬೇಕಿತ್ತು. ಮಲಾವಿಯಲ್ಲಿ ನಮ್ಮ ಆಶಾ ಕಾರ್ಯಕರ್ತೆಯರ ಜಾಗದಲ್ಲಿ ಆರೋಗ್ಯ ನಿಗಾ ಸಹಾಯಕರಿದ್ದಾರೆ. ಅವರು ಸಂಬಳ ಪಡೆಯುವ ಸರ್ಕಾರಿ ನೌಕರರು, ಹೆಚ್ಚಿನವರು ಗಂಡಸರು. ಆಶಾ ಕಾರ್ಯಕರ್ತೆಯರು ಹೆಂಗಸರೇ, ಆದರೆ ಗೌರವಧನಕ್ಕಾಗಿ ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಕೂರಬೇಕಾದವರು. ಎರಡರಲ್ಲಿ ಯಾವುದು ಮೇಲೆಂದು ನನ್ನನ್ನು ಕೇಳಬೇಡಿ. ಬಸಿರಿನ ಸುದ್ದಿಯನ್ನು ಗಂಡಸಾದ ಸಹಾಯಕನಿಗೆ ಹೇಳಲು ಹೆಂಗಸರು ಹಿಂಜರಿಯುತ್ತಿದ್ದುದರಿಂದ, ಊರಿನ ಮಹಿಳಾ ಗುಂಪಿನವರೇ ಪ್ರತಿ ತಿಂಗಳು ಗರ್ಭಿಣಿಯರ ಸಂಖ್ಯೆಯನ್ನು, ಹೆಸರಿಲ್ಲದೆ, ಅವನ ಗ್ರಾಮ ದಾಖಲೆಗೆ ಕೊಡುವಂತೆ ಮಾಡಲಾಯಿತು. ರಿಜಿಸ್ಟರಿನ ಸಾಲುಗಳಿಗೂ ಆ ಸಂಖ್ಯೆಗೂ ಇರುವ ಅಂತರವನ್ನು ಈಗ ವರದಿಯ ಮೊದಲ ಪುಟದಲ್ಲಿ ಹಾಕುತ್ತೇವೆ. ಗಂಡನ ಅಂಕಣ ಮೂರನೆಯ ಪುಟಕ್ಕೆ ಹೋಗಿದೆ, ಸಂಖ್ಯೆಯೂ ಇಳಿದಿದೆ, ಅದಕ್ಕೆ ವಿವರಣೆ ಕೇಳುವ ಪತ್ರಗಳೂ ಬರುತ್ತವೆ.

ಬಗೆಹರಿಯದಿರುವುದು ಹುಡುಗಿಯರ ವಿಷಯ. 2015-16ರ ಸಮೀಕ್ಷೆಯ ಪ್ರಕಾರ ಮಲಾವಿಯಲ್ಲಿ 15ರಿಂದ 19 ವರ್ಷದವರಲ್ಲಿ ಶೇ 29ರಷ್ಟು ಮಂದಿ ಆಗಲೇ ಹೆತ್ತಿದ್ದರು ಅಥವಾ ಬಸುರಿಯಾಗಿದ್ದರು. 2017ರ ಸಂವಿಧಾನ ತಿದ್ದುಪಡಿಯ ನಂತರ 18 ತುಂಬದವರ ಮದುವೆಗೆ ತಂದೆತಾಯಿ ಒಪ್ಪಿದರೂ ಮಾನ್ಯತೆ ಇಲ್ಲ. ದೆದ್ಜಾ ಜಿಲ್ಲೆಯ ಹಿರಿಯ ಮುಖ್ಯಸ್ಥೆಯಾಗಿದ್ದ ತೆರೇಸಾ ಕಚಿಂದಮೊಟೊ ಅವರು ಅದಕ್ಕೂ ಮುಂಚೆಯೇ ನೂರಾರು ಬಾಲ್ಯವಿವಾಹಗಳನ್ನು ರದ್ದುಮಾಡಿ ಹುಡುಗಿಯರನ್ನು ಶಾಲೆಗೆ ಕಳಿಸಿದ್ದರು. ಒಳ್ಳೆಯ ಕಾನೂನು, ಒಳ್ಳೆಯ ಕೆಲಸ. ಆದರೆ ಹದಿನಾರರ ಬಸುರಿಯನ್ನು ‘ಗಂಡನೆಲ್ಲಿ?’ ಎಂದು ಕೇಳಿದರೆ ಅವಳು ಯಾರದೋ ಹೆಸರು ಹೇಳಿ ಅವನಿಗೆ ದಂಡ ಹಾಕಿಸಬೇಕು, ಇಲ್ಲವೇ ಎದ್ದುಹೋಗಬೇಕು. ಆದ್ದರಿಂದ ಹದಿನೆಂಟು ತುಂಬದವರ ಸಾಲಿನಲ್ಲಿ ಗಂಡನ ಅಂಕಣವನ್ನು ಖಾಲಿ ಬಿಡಲು ಅನುಮತಿ ಕೇಳಿದ್ದೇವೆ. ಹಣ ಒದಗಿಸುವವರ ಕಂಪ್ಯೂಟರ್ ನಮೂನೆಯು ಖಾಲಿ ಅಂಕಣವನ್ನು ಸ್ವೀಕರಿಸದೆ ಕೆಂಪು ಗುರುತು ತೋರಿಸುತ್ತದೆಯಾದ್ದರಿಂದ ಆ ಪತ್ರವ್ಯವಹಾರ ಇನ್ನೂ ನಡೆಯುತ್ತಿದೆ.