ನಾಲಿಗೆ ಕೆಳಗಿನ ಮಾತ್ರೆ ಅಭ್ಯಾಸ ಆಗಿಬಿಡುತ್ತಾ?

"ಡಾಕ್ಟ್ರೇ, ಈ ಮಾತ್ರೆ ಪದೇ ಪದೇ ತಗೊಂಡ್ರೆ ದೇಹಕ್ಕೆ ಅಭ್ಯಾಸ ಆಗಿಬಿಡಲ್ವಾ? ನಿಜವಾಗ್ಲೂ ಬೇಕಾದಾಗ ಕೆಲಸ ಮಾಡದಿದ್ರೆ?"

ಆಂಜೈನಾ, ಅಂದರೆ ಹೃದಯಕ್ಕೆ ರಕ್ತ ಸಾಲದೆ ಬರುವ ಎದೆನೋವು ಇರುವವರಿಗೆ, ನಾಲಿಗೆ ಕೆಳಗಿಡುವ ನೈಟ್ರೋಗ್ಲಿಸರಿನ್ ಮಾತ್ರೆ ಬರೆದುಕೊಟ್ಟಾಗ ನನಗೆ ಎದುರಾಗುವ ಪ್ರಶ್ನೆ ಇದು. ಕೆಲವರು ಬಾಯಿಬಿಟ್ಟು ಕೇಳುತ್ತಾರೆ. ಇನ್ನು ಕೆಲವರು ಕೇಳುವುದೇ ಇಲ್ಲ, ಹೌದು ಅಂತ ತಾವೇ ತೀರ್ಮಾನ ಮಾಡಿಕೊಂಡು ನೋವು ನುಂಗಿಕೊಂಡು ಕೂತಿರುತ್ತಾರೆ. ನನಗೆ ಇವರದ್ದೇ ಜಾಸ್ತಿ ಚಿಂತೆ.

ಇಂಥವರೊಬ್ಬರು ನಾಲ್ಕು ತಿಂಗಳಾದ ಮೇಲೆ ಬಂದು ಬಾಟಲಿಯನ್ನು ಮೇಜಿನ ಮೇಲಿಟ್ಟರು. ಸೀಲ್ ಕೂಡ ಒಡೆದಿರಲಿಲ್ಲ. "ನೋವೇ ಬರಲಿಲ್ವಾ?" ಅಂದೆ. "ಮೆಟ್ಟಿಲು ಹತ್ತಿದಾಗೆಲ್ಲ ಬರ್ತಿತ್ತು. ನಿಂತು ಸುಧಾರಿಸ್ಕೊಂಡು ಹೋಗ್ತಿದ್ದೆ. ದೊಡ್ಡ ನೋವು ಬಂದಾಗ ಇರ್ಲಿ ಅಂತ ಇಟ್ಕೊಂಡಿದೀನಿ" ಅಂದರು. ಒಂದು ತಿಂಗಳಿಂದ ನೋವು ಮೊದಲಿಗಿಂತ ಹೆಚ್ಚಾಗಿತ್ತು. ಅದನ್ನೂ ಯಾರಿಗೂ ಹೇಳಿರಲಿಲ್ಲ.

ನನ್ನ ಉತ್ತರ ಇಷ್ಟೇ: ನೋವು ಬಂದಾಗ ಮಾತ್ರ ನಾಲಿಗೆ ಕೆಳಗೆ ಇಟ್ಟುಕೊಳ್ಳುವ ಮಾತ್ರೆ ಅಭ್ಯಾಸ ಆಗುವುದಿಲ್ಲ. ಅದರ ಕೆಲಸ ಹೆಚ್ಚೆಂದರೆ ಅರ್ಧ ಗಂಟೆ, ಒಂದು ಗಂಟೆಯಲ್ಲಿ ಮುಗಿಯುತ್ತದೆ. ಇವತ್ತು ತಗೊಂಡಿದ್ದಕ್ಕೆ ನಾಳೆ ಅದರ ಬಲ ಕಮ್ಮಿ ಆಗುವುದಿಲ್ಲ.

ಹಾಗಂತ ಈ ಭಯಕ್ಕೆ ಬುಡವೇ ಇಲ್ಲ ಅಂತಲ್ಲ. ಹಿಂದೆ ಡೈನಮೈಟ್ ತಯಾರಿಸುವ ಕಾರ್ಖಾನೆಗಳ ಕೆಲಸಗಾರರಿಗೆ ಸೋಮವಾರ ಬಂತೆಂದರೆ ತಲೆ ಸಿಡಿಯುತ್ತಿತ್ತು. ಡೈನಮೈಟ್‌ನಲ್ಲಿ ಇರುವುದೂ ಇದೇ ನೈಟ್ರೋಗ್ಲಿಸರಿನ್. ವಾರದ ಮಧ್ಯಕ್ಕೆ ಮೈ ಒಗ್ಗಿಕೊಂಡು ತಲೆನೋವು ಹೋಗುತ್ತಿತ್ತು. ರಜೆ ಮುಗಿಸಿ ಬಂದರೆ ಮತ್ತೆ ಶುರು. ದಿನವಿಡೀ ಮೈಯಲ್ಲಿ ಔಷಧಿ ಇದ್ದರೆ ರಕ್ತನಾಳಗಳು ಅದಕ್ಕೆ ಒಗ್ಗಿಕೊಳ್ಳುತ್ತವೆ, ಅದು ನಿಜ. ಅದಕ್ಕೇ ಚರ್ಮಕ್ಕೆ ಅಂಟಿಸುವ ನೈಟ್ರೋಗ್ಲಿಸರಿನ್ ಪ್ಯಾಚ್ ಅನ್ನು ದಿನಕ್ಕೆ 10ರಿಂದ 12 ಗಂಟೆ ತೆಗೆದಿಡಿ ಅಂತ ಹೇಳುವುದು, ಹೆಚ್ಚಿನವರಿಗೆ ರಾತ್ರಿ ಹೊತ್ತು. ಪ್ಯಾಚ್‌ನ ಈ ಮಾತೇ ಬಾಯಿಂದ ಬಾಯಿಗೆ ಹೋಗಿ ಮಾತ್ರೆಗೂ ಅಂಟಿಕೊಂಡಿದೆ ಅನ್ನಿಸುತ್ತದೆ.

ಎದೆನೋವಿಗೆ ಇದನ್ನು ಕೊಟ್ಟು ನೋಡಿ 1879ರಲ್ಲಿ ಬರೆದವರು ವಿಲಿಯಂ ಮರೆಲ್ ಎಂಬ ವೈದ್ಯರು. ಅದು ಹೇಗೆ ಕೆಲಸ ಮಾಡುತ್ತದೆ ಅಂತ ಗೊತ್ತಾಗಲು ಆಮೇಲೆ ನೂರು ವರ್ಷ ಹಿಡಿಯಿತು. ಮೈಯೊಳಗೆ ಇದರಿಂದ ನೈಟ್ರಿಕ್ ಆಕ್ಸೈಡ್ ಹೊರಬರುತ್ತದೆ, ಅದು ರಕ್ತನಾಳದ ಗೋಡೆಯ ಬಿಗಿ ಸಡಿಲಿಸುತ್ತದೆ. ನೈಟ್ರಿಕ್ ಆಕ್ಸೈಡ್‌ನ ಈ ಗುಣ ಕಂಡುಹಿಡಿದವರಿಗೆ 1998ರ ನೊಬೆಲ್ ಬಂತು. ಹೃದಯದ ನಾಳ ಅಗಲ ಮಾಡುವುದಷ್ಟೇ ಇದರ ಕೆಲಸ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹೆಚ್ಚು ಸಡಿಲವಾಗುವುದು ಇಡೀ ಮೈಯ ಅಭಿಧಮನಿಗಳು, ಅಂದರೆ ರಕ್ತವನ್ನು ಹೃದಯಕ್ಕೆ ವಾಪಸ್ ತರುವ ನಾಳಗಳು. ಸ್ವಲ್ಪ ರಕ್ತ ಅಲ್ಲೇ ನಿಲ್ಲುತ್ತದೆ, ಹೃದಯದ ಹೊರೆ ಇಳಿಯುತ್ತದೆ, ನೋವು ಕಮ್ಮಿಯಾಗುತ್ತದೆ. ಬ್ಲಾಕ್ ಮಾತ್ರ ಇದ್ದಲ್ಲೇ ಇರುತ್ತದೆ. ಹಾಗಾಗಿ ಇದಿದೆ ಅಂತ ಬೇರೆ ಮಾತ್ರೆಗಳನ್ನು ಬಿಡಬೇಡಿ.

ಈಗ ತಗೊಳ್ಳುವ ರೀತಿ. ಎದೆ ಹಿಂಡಿದಂತಾದ ಕೂಡಲೇ ಮಾಡುತ್ತಿರುವ ಕೆಲಸ ನಿಲ್ಲಿಸಿ, ಕುಳಿತುಕೊಳ್ಳಿ. ನಿಂತೇ ತಗೊಂಡರೆ ಬಿಪಿ ಇಳಿದು ಕಣ್ಣು ಕತ್ತಲೆ ಬಂದು ಬೀಳಬಹುದು. ಒಂದು ಮಾತ್ರೆ ನಾಲಿಗೆ ಕೆಳಗೆ. ನುಂಗಬೇಡಿ, ನುಂಗಿದರೆ ಬಹುಪಾಲು ಯಕೃತ್ತಿನಲ್ಲೇ ಕರಗಿಹೋಗುತ್ತದೆ. ಬಾಯಿ ಒಣಗಿದ್ದರೆ ಮೊದಲು ಒಂದು ಗುಟುಕು ನೀರು ಕುಡಿಯಿರಿ. ಒಂದರಿಂದ ಮೂರು ನಿಮಿಷದಲ್ಲಿ ಹಗುರಾಗಬೇಕು. ಗಡಿಯಾರ ನೋಡಿಕೊಳ್ಳಿ. 5 ನಿಮಿಷ ಕಳೆದರೂ ನೋವು ಇಳಿಯದಿದ್ದರೆ, ಅಥವಾ ಹೆಚ್ಚಾದರೆ, ಆಂಬುಲೆನ್ಸ್ ಕರೆಯಿರಿ. ಅದು ಬರುವ ತನಕ 5 ನಿಮಿಷಕ್ಕೊಂದರಂತೆ ಇನ್ನೆರಡು ಇಡಬಹುದು, ಒಟ್ಟು ಮೂರೇ. ಆದರೆ ಮೂರೂ ಮುಗಿಯಲಿ ಆಮೇಲೆ ಫೋನ್ ಮಾಡೋಣ ಅಂತ ಕಾಯಬೇಡಿ. ಹಾರ್ಟ್ ಅಟ್ಯಾಕ್ ಆಗಿದ್ದರೆ ಆ ನಿಮಿಷಗಳು ತುಂಬಾ ದುಬಾರಿ.

ತಲೆ ಸಿಡಿಯುವುದು, ಮುಖ ಬಿಸಿಯಾಗುವುದು ಮಾಮೂಲು. ಹೆದರಬೇಡಿ. 1847ರಲ್ಲಿ ನೈಟ್ರೋಗ್ಲಿಸರಿನ್ ಮೊದಲು ತಯಾರಿಸಿದ ರಸಾಯನವಿಜ್ಞಾನಿ ಸೊಬ್ರೆರೊ ಒಂಚೂರು ನಾಲಿಗೆಗೆ ಹಚ್ಚಿ ನೋಡಿದಾಗ ಅವರಿಗೂ ಜೋರು ತಲೆನೋವು ಬಂದಿತ್ತು.

ಒಂದು ವಿಷಯ ಮಾತ್ರ ನಾಚಿಕೆ ಬಿಟ್ಟು ಹೇಳಲೇಬೇಕು. ಸಿಲ್ಡೆನಾಫಿಲ್‌ನಂಥ ಲೈಂಗಿಕ ಶಕ್ತಿಯ ಮಾತ್ರೆ ತಗೊಂಡು 24 ಗಂಟೆ, ಟಡಲಾಫಿಲ್ ಆದರೆ 48 ಗಂಟೆ, ನೈಟ್ರೋಗ್ಲಿಸರಿನ್ ಮುಟ್ಟಬಾರದು. ಎರಡೂ ಸೇರಿದರೆ ಬಿಪಿ ಪಾತಾಳಕ್ಕಿಳಿದು ಜೀವಕ್ಕೇ ಕುತ್ತು. ಅಂಥ ಹೊತ್ತಲ್ಲಿ ಎದೆನೋವು ಬಂದರೆ ನೇರ ಆಸ್ಪತ್ರೆಗೆ ಹೋಗಿ, ತಗೊಂಡಿದ್ದನ್ನು ಅಲ್ಲಿಯವರಿಗೆ ಹೇಳಿ.

ಬಾಟಲಿ ಬಗ್ಗೆಯೂ ಎರಡು ಮಾತು. ಮಾತ್ರೆಗಳು ಬಂದ ಗಾಜಿನ ಬಾಟಲಿಯಲ್ಲೇ ಇರಲಿ, ಮುಚ್ಚಳ ಬಿಗಿಯಾಗಿರಲಿ. ಪ್ಲಾಸ್ಟಿಕ್ ಡಬ್ಬಿಗೆ ಹಾಕಬೇಡಿ, ಹತ್ತಿ ತುರುಕಬೇಡಿ. ಔಷಧಿ ಆವಿಯಾಗಿ ಅದರೊಳಗೆ ಇಳಿದುಬಿಡುತ್ತದೆ. ಮೈಗೆ ಅಂಟಿದ ಜೇಬಿನ ಕಾವೂ ಒಳ್ಳೆಯದಲ್ಲ.

ಸೀಲ್ ಒಡೆಯದ ಆ ಹಿರಿಯರಿಗೆ ಇದನ್ನೆಲ್ಲ ಹೇಳಿದೆ. ಅವರ ನೋವು ಹೆಚ್ಚಾಗಿದ್ದರಿಂದ ಅವತ್ತೇ ಪರೀಕ್ಷೆಗೆ ಕಳಿಸಿದೆ. ಎಷ್ಟು ಮಾತ್ರೆ ಖರ್ಚಾಯಿತು ಅನ್ನುವುದೂ ನನಗೆ ಒಂದು ಲೆಕ್ಕ, ಮುಚ್ಚಿಡಬೇಡಿ ಅಂದೆ. ಅಷ್ಟು ಹೊತ್ತೂ ಸುಮ್ನೆ ಕೂತಿದ್ದ ಅವರ ಹೆಂಡತಿ, "ಇವ್ರು ಪ್ರಜ್ಞೆ ತಪ್ಪಿ ಬಿದ್ರೆ ನಾನೇ ಬಾಯಿಗೆ ಹಾಕ್ಲಾ?" ಅಂತ ಕೇಳಿದರು. ಬೇಡಮ್ಮ. ಪ್ರಜ್ಞೆ ಇಲ್ಲದವರ ಬಾಯಿಗೆ ಏನೂ ಹಾಕಬಾರದು. ಮೊದಲು ಆಂಬುಲೆನ್ಸ್‌ಗೆ ಫೋನ್ ಮಾಡಿ, ಉಸಿರಾಡ್ತಿದ್ದಾರಾ ನೋಡಿ, ಫೋನಿನಲ್ಲಿ ಆಂಬುಲೆನ್ಸ್‌ನವರು ಹೇಳಿದ ಹಾಗೆ ಮಾಡಿ.