ಅಮಲಿಲ್ಲದ ಕಹಿ

ಎರಡು ಲೋಟ ಬಿಯರ್ ಕುಡಿದು ಮಲಗಿದ ರಾತ್ರಿಗಳಲ್ಲಿ ಮೂರು ಗಂಟೆಗೆ ಎಚ್ಚರವಾಗಿ ಬೆಳಗಾಗುವವರೆಗೆ ಹೊರಳಾಡುವುದು ನಲವತ್ತು ದಾಟಿದ ಮೇಲೆ ನನಗೆ ರೂಢಿಯಾಗಿಹೋಗಿತ್ತು. ಆಲ್ಕೋಹಾಲ್ ಬೇಗನೆ ನಿದ್ದೆ ಬರಿಸಿದರೂ ಅದರ ಪ್ರಭಾವ ಇಳಿಯುತ್ತಾ ಹೋದಂತೆ ಇರುಳಿನ ಉತ್ತರಾರ್ಧದ ನಿದ್ದೆಯನ್ನು ಕೆಡಿಸುತ್ತದೆ ಎಂಬುದು ಗೊತ್ತಿದ್ದ ಸಂಗತಿಯೇ. ಅದನ್ನು ಒಪ್ಪಿಕೊಳ್ಳುವುದಕ್ಕೆ ಮಾತ್ರ ವರ್ಷಗಳು ಹಿಡಿದವು. ಕೊನೆಗೊಮ್ಮೆ ನಿಲ್ಲಿಸಿದಾಗ ಅಮಲಿನ ಹಂಬಲ ಕಾಡೀತೆಂದು ಅಂಜಿದ್ದೆ. ಕಾಡಿದ್ದು ಅಮಲಲ್ಲ, ಕಹಿ. ಹಣ್ಣಿನ ರಸವನ್ನೋ ಸಿಹಿ ಸೋಡಾವನ್ನೋ ಕುಡಿದರೆ ನಾಲ್ಕು ಗುಟುಕಿಗೆ ಲೋಟ ಖಾಲಿಯಾಗುತ್ತಿತ್ತು, ಸಂಜೆ ಹಾಗೆಯೇ ಉಳಿಯುತ್ತಿತ್ತು. ಕಹಿಗೆ ಅಂತಹ ಅವಸರ ಸಲ್ಲುವುದಿಲ್ಲ.

ಆದರೂ ಆಲ್ಕೋಹಾಲ್ ರಹಿತ ಬಿಯರಿನ ಕಡೆ ನಾನು ತಿರುಗಿ ನೋಡಿರಲಿಲ್ಲ. ಬಹಳ ಹಿಂದೆ ಒಮ್ಮೆ ಕುಡಿದಿದ್ದ ಬಾಟಲಿ ಬಾರ್ಲಿ ಬೇಯಿಸಿದ ನೀರಿಗೆ ಸಕ್ಕರೆ ಕಲಸಿದಂತಿತ್ತು. ಆ ರುಚಿಗೆ ಕಾರಣವಿದೆಯೆಂದು ಈಚೆಗೆ ತಿಳಿದುಕೊಂಡೆ. ಹುದುಗುವಿಕೆಯನ್ನು ಅರ್ಧದಲ್ಲೇ ತಡೆದರೆ ಆಲ್ಕೋಹಾಲ್ ಹೆಚ್ಚುವುದಿಲ್ಲ, ನಿಜ. ಆದರೆ ಮಾಲ್ಟಿನ, ಎಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ, ಸಕ್ಕರೆಯೂ ಹುದುಗದೆ ಉಳಿಯುತ್ತದೆ, ಹಸಿ ವಾಸನೆ ಕೊಡುವ ಆಲ್ಡಿಹೈಡುಗಳನ್ನು ಯೀಸ್ಟ್ ಪಳಗಿಸುವುದಕ್ಕೆ ಸಮಯವೂ ಸಿಗುವುದಿಲ್ಲ. ಬಿಯರನ್ನು ಬರಿದೇ ಕಾಯಿಸಿ ಆಲ್ಕೋಹಾಲನ್ನು ಹಾರಿಸಿದರೆ, ಅದರ ಜೊತೆಗೆ ಪರಿಮಳವೂ ಹಾರಿಹೋಗಿ ಬೆಂದ ರುಚಿಯೊಂದೇ ಉಳಿಯುತ್ತದೆ.

ನನ್ನ ಅಭಿಪ್ರಾಯವನ್ನು ಬದಲಿಸಿದ್ದು ಗೆಳೆಯನೊಬ್ಬ ತಂದಿತ್ತ ಆಲ್ಕೋಹಾಲ್ ರಹಿತ ಐಪಿಎ (ಇಂಡಿಯಾ ಪೇಲ್ ಏಲ್ ಎಂಬ, ಹಾಪ್ಸ್ ಹೂವಿನ ಕಹಿ ಎದ್ದು ಕಾಣುವ ಬಿಯರ್) ಕ್ಯಾನು. ತೆರೆದೊಡನೆ ಮಾವು, ಕಿತ್ತಳೆ ಸಿಪ್ಪೆ, ಪೈನ್ ಮರದ ಅಂಟು ಎಲ್ಲವೂ ಒಟ್ಟಿಗೆ ಮೂಗಿಗೆ ಬಡಿದವು. ಅದು ಸಿಟ್ರಾ ತಳಿಯ ಹಾಪ್ಸಿನ ಪರಿಮಳ. ಹಾಪ್ಸ್ ಬಳ್ಳಿಯ ಹೆಣ್ಣು ಹೂಗಳನ್ನು ಕುದಿಸಿದಾಗ ಕಹಿ ಬಿಡುತ್ತದೆ, ಹುದುಗಿದ ಮೇಲೆ ಕುದಿಸದೆಯೇ ನೆನೆಹಾಕಿದಾಗ ಪರಿಮಳ ಬಿಡುತ್ತದೆ. ಈ ಎರಡಕ್ಕೂ ಆಲ್ಕೋಹಾಲಿನ ಹಂಗು ಅಷ್ಟಾಗಿ ಇಲ್ಲ. ನಾನು ಇಷ್ಟು ವರ್ಷ ಬಿಯರಿನ ರುಚಿಯೆಂದು ಮೆಚ್ಚಿಕೊಂಡಿದ್ದರಲ್ಲಿ ಬಹುಪಾಲು ಹೂವಿನ ರುಚಿಯೇ ಆಗಿತ್ತು.

ಆಮೇಲೆ ಇದನ್ನು ತಯಾರಿಸುವ ಬಗೆಯ ಬೆನ್ನುಹತ್ತಿದೆ. ಸಾಮಾನ್ಯ ಒತ್ತಡದಲ್ಲಿ ಸುಮಾರು 78 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುವ ಆಲ್ಕೋಹಾಲನ್ನು ನಿರ್ವಾತದಲ್ಲಿ 40 ಡಿಗ್ರಿಯ ಆಸುಪಾಸಿನಲ್ಲೇ ಬೇರ್ಪಡಿಸುವವರಿದ್ದಾರೆ. ನೀರು ಮತ್ತು ಆಲ್ಕೋಹಾಲನ್ನಷ್ಟೇ ಹೊರಬಿಟ್ಟು ರುಚಿಯನ್ನು ಒಳಗೇ ಹಿಡಿದಿಡುವ ಪೊರೆಯ ಮೂಲಕ ಹಾಯಿಸಿ, ಕಳೆದುಹೋದ ನೀರನ್ನು ಮರಳಿ ಸೇರಿಸುವವರೂ ಇದ್ದಾರೆ. ಇವೆಲ್ಲ ದೊಡ್ಡ ಯಂತ್ರಗಳನ್ನು ಬೇಡುವ ದಾರಿಗಳು. ಸಣ್ಣ ಬ್ರೂವರಿಗಳಿಗೆ ಒದಗಿಬಂದಿರುವ ಇನ್ನೊಂದು ದಾರಿಯೇ ನನಗೆ ಹೆಚ್ಚು ಸೊಗಸೆನಿಸಿತು. ಮೊಳಕೆ ಬಾರ್ಲಿಯ ರಸದಲ್ಲಿ ಅತಿ ಹೆಚ್ಚಾಗಿರುವ ಸಕ್ಕರೆ ಮಾಲ್ಟೋಸ್. ಸ್ಯಾಕರೊಮೈಕೋಡಿಸ್ ಲುಡ್ವಿಗಿ ಎಂಬ ಯೀಸ್ಟಿಗೆ ಅದು ದಕ್ಕುವುದಿಲ್ಲ. ಆ ಯೀಸ್ಟ್ ಗ್ಲೂಕೋಸಿನಂತಹ ಸರಳ ಸಕ್ಕರೆಗಳನ್ನಷ್ಟೇ ತಿಂದು ಸುಮ್ಮನಾಗುವುದರಿಂದ ಆಲ್ಕೋಹಾಲನ್ನು ಆಮೇಲೆ ತೆಗೆಯುವ ಪ್ರಮೇಯವೇ ಬರುವುದಿಲ್ಲ. ಮದ್ಯದ ನೆರವಿಲ್ಲದೆ ತೆಳ್ಳಗಾಗುವ ಬಿಯರಿನ ಮೈಯನ್ನು ತುಂಬಲು ಓಟ್ಸ್ ಸೇರಿಸುತ್ತಾರೆ. ಕೆಡದಂತೆ ಕಾಯುತ್ತಿದ್ದ ಆಲ್ಕೋಹಾಲೇ ಇಲ್ಲದಿರುವಾಗ ಹುಳಿಯ ಪ್ರಮಾಣವನ್ನು ಎಚ್ಚರದಿಂದ ನೋಡಿಕೊಂಡು, ಅನೇಕ ವೇಳೆ ಪಾಶ್ಚರೀಕರಣವನ್ನೂ ಮಾಡಬೇಕಾಗುತ್ತದೆ. ಒಟ್ಟಿನಲ್ಲಿ ಇದು ಮಾಮೂಲಿ ಬಿಯರಿಗಿಂತ ಕಷ್ಟದ ಕಸುಬು, ಏಕೆಂದರೆ ಇಲ್ಲಿ ತಪ್ಪುಗಳನ್ನು ಮುಚ್ಚಿಹಾಕುವುದಕ್ಕೆ ಅಮಲಿಲ್ಲ.

ಮೊದಲು ಈ ಪಾನೀಯಕ್ಕೆ ಅಂತಹ ಮರ್ಯಾದೆಯಿರಲಿಲ್ಲ. ಅಮೆರಿಕದಲ್ಲಿ 1920ರಿಂದ 1933ರವರೆಗೆ ಪಾನನಿಷೇಧವಿದ್ದಾಗ ಕಾನೂನು ಆಲ್ಕೋಹಾಲಿಗೆ ಶೇ. 0.5ರ ಗೆರೆ ಎಳೆದದ್ದರಿಂದ, ಆ ಗೆರೆಯೊಳಗಿನ 'ನಿಯರ್ ಬಿಯರ್' ಮಾರಾಟವಾಯಿತು. 1972ರಲ್ಲಿ ಪೂರ್ವ ಜರ್ಮನಿಯಲ್ಲಿ ಬಂದ 'ಆಬಿ' ಎಂಬುದರ ಹೆಸರೇ ವಾಹನ ಚಾಲಕರ ಬಿಯರ್ ಎಂದು ಸಾರುತ್ತಿತ್ತು. ಕುಡಿಯಬಾರದವರಿಗೆ ಕೊಡುವ ಸಮಾಧಾನದ ಬಹುಮಾನದಂತಿದ್ದವು ಅವು. 2016ರಲ್ಲಿ ಬ್ರಿಟನ್ನಿನ ಬಿಗ್ ಡ್ರಾಪ್, 2017ರಲ್ಲಿ ಅಮೆರಿಕದ ಅಥ್ಲೆಟಿಕ್ ಬ್ರೂಯಿಂಗ್ ಎಂಬ ಬಿಯರ್ ಕಂಪನಿಗಳು ಹುಟ್ಟಿಕೊಂಡದ್ದು ಇದನ್ನೇ ಮುಖ್ಯ ಕೆಲಸವಾಗಿ ಮಾಡುವುದಕ್ಕೆ.

ಹೊಗಳುವ ಭರದಲ್ಲಿ ಒಂದು ಮಾತನ್ನು ಮರೆಯಬಾರದು. 'ರಹಿತ' ಎಂದಿದ್ದರೂ ಅನೇಕ ದೇಶಗಳಲ್ಲಿ ಶೇ. 0.5ರವರೆಗೆ ಆಲ್ಕೋಹಾಲ್ ಇರಬಹುದು. ನನಗೆ ಅದು ಲೆಕ್ಕಕ್ಕಿಲ್ಲ. ಧರ್ಮದ ಕಾರಣಕ್ಕೆ ಅಥವಾ ಗರ್ಭಿಣಿಯಾಗಿರುವ ಕಾರಣಕ್ಕೆ ಒಂದು ಹನಿಯೂ ಬೇಡವೆನ್ನುವವರು ಲೇಬಲ್ಲಿನಲ್ಲಿ 0.0 ಇದೆಯೇ ಎಂದು ನೋಡಲೇಬೇಕು. ಕುಡಿತದ ಚಟದಿಂದ ಹೊರಬರುತ್ತಿರುವವರಿಗೆ ಆ ವಾಸನೆ, ಆ ನೊರೆಯೇ ಹಳೆಯ ದಾರಿಯನ್ನು ನೆನಪಿಸಬಹುದು. ಅಂಥವರಿಗೆ ನಾನಾಗಿ ಇದನ್ನು ಎಂದೂ ಕೊಡುವುದಿಲ್ಲ.

ಆಲ್ಕೋಹಾಲ್ ರಹಿತ ಲಾಗರುಗಳು, ಎಂದರೆ ತಿಳಿಯಾದ ಹಗುರ ಬಿಯರುಗಳು, ನನಗೆ ಇನ್ನೂ ಒಗ್ಗಿಲ್ಲ. ಮರೆಮಾಚಲು ಏನೂ ಇಲ್ಲದ ಆ ತಿಳಿ ರುಚಿಯಲ್ಲಿ ಬೇಯಿಸಿದ ಬಾರ್ಲಿ ಈಗಲೂ ಇಣುಕುತ್ತದೆ. ಸ್ಟೌಟ್ ಎಂಬ ಕಪ್ಪು ಬಿಯರ್ ಮಾತ್ರ ಅಚ್ಚರಿ ಹುಟ್ಟಿಸುತ್ತದೆ: ಹುರಿದ ಮಾಲ್ಟಿನ ಕಾಫಿಯಂತಹ ಕಹಿ ಗಂಟಲಿನಲ್ಲಿ ನಿಂತು, ಮದ್ಯದ ಬಿಸಿ ಇರಬೇಕಾಗಿದ್ದ ಜಾಗವನ್ನು ತುಂಬಿಬಿಡುತ್ತದೆ. ಅದನ್ನೇ ಈಗ ಸಂಜೆ ಒಂದು ಗಂಟೆ ಹೊತ್ತು ಕುಡಿಯುತ್ತೇನೆ. ಮೊದಲಾಗಿದ್ದರೆ ಒಂದು ಮುಗಿಯುವ ಮುನ್ನವೇ ಇನ್ನೊಂದರತ್ತ ಕೈ ಹೋಗುತ್ತಿತ್ತು, ಅದು ರುಚಿಯ ಸೆಳೆತವೆಂದೇ ನಂಬಿದ್ದೆ; ಈಗ ಎರಡನೆಯ ಬಾಟಲಿ ಫ್ರಿಜ್ಜಿನಲ್ಲಿ ಮರುದಿನದವರೆಗೂ ಹಾಗೆಯೇ ಇರುತ್ತದೆ.