ಮಿರಗದ ಮುಂಚೆ ಎರಿಮಣ್ಣಿನ ಹಿತ್ತಲು

ಕೈತೋಟದ ಯಾವ ವಿಡಿಯೋ ನೋಡಿದರೂ ಮಣ್ಣು ತಯಾರಿ ಅಂದ ಕೂಡಲೇ ‘ಒಂದು ಹಿಡಿ ಸುಣ್ಣ ಹಾಕಿ’ ಅನ್ನುತ್ತಾರೆ. ಮಲೆನಾಡಿಗೆ, ಕರಾವಳಿಗೆ, ಬೆಳಗಾವಿಯ ಖಾನಾಪುರದ ಕಡೆಗೂ ಅದು ಸರಿಯೇ. ಜೋರು ಮಳೆಗೆ ಮಣ್ಣಿನ ಸುಣ್ಣವೆಲ್ಲ ತೊಳೆದುಹೋಗಿ ಅಲ್ಲಿ ಹುಳಿಮಣ್ಣು ಉಳಿದಿರುತ್ತದೆ. ವಿಜಯಪುರದ ಎರಿಮಣ್ಣಿಗೆ (ಕಪ್ಪು ಜೇಡಿಮಣ್ಣು) ಅದೇ ಸುಣ್ಣ ಹಾಕುವುದೆಂದರೆ ಉಪ್ಪಿನಕಾಯಿಗೆ ಮತ್ತೆ ಉಪ್ಪು ಸುರಿದಂತೆ. ಒಂದೂವರೆ ಅಡಿ ತೋಡಿದರೆ ಸುಣ್ಣದ ಹರಳು ತಾನೇ ಸಿಗುವ ನೆಲ ಇದು. ರಸಸಾರ (pH) 8 ದಾಟಿರುವುದು ಸಾಮಾನ್ಯ. ಒಲೆಯ ಬೂದಿಗೂ ಇದೇ ಮಾತು. ಬೂದಿಯಲ್ಲಿ ಪೊಟ್ಯಾಶ್ ಇದೆ ನಿಜ, ಕ್ಷಾರವೂ ಅಷ್ಟೇ ಇದೆ. ಬದನಿಗಿಡದ ಬುಡಕ್ಕೆ ದಿನಾ ಬೂದಿ ಚೆಲ್ಲಿ, ಆಮೇಲೆ ಎಲೆ ಹಳದಿಯಾಯಿತೆಂದು ಯೂರಿಯಾ ಹಾಕುವವರು ಓಣಿಗೆ ಇಬ್ಬರಾದರೂ ಇರುತ್ತಾರೆ.

ಹೀಗಾಗಿ ಇಲ್ಲಿ ಬರೆಯುತ್ತಿರುವುದು ಎರಿಮಣ್ಣಿನ ಹಿತ್ತಲಿಗೆ ಮಾತ್ರ. ಬೆಳಗಾವಿ ಊರಿನ ಕೆಂಪುಮಣ್ಣಿನವರು ಅಳತೆಗಳನ್ನು ಬೇಕಾದರೆ ತಗೊಳ್ಳಿ, ಸಮಯವನ್ನು ಬೇಡ.

ಸಮಯವೇ ಇಲ್ಲಿ ಮುಖ್ಯ. ಬಸವ ಜಯಂತಿಯಿಂದ ಮಿರಗದ (ಮೃಗಶಿರಾ) ಮಳೆ ಕೂಡುವ ತನಕ, ಅಂದರೆ ಜೂನ್ 7–8ರ ತನಕ, ಅಗೆತ, ಗೊಬ್ಬರ, ಮಡಿ ಮೂರೂ ಮುಗಿದಿರಬೇಕು. ಮಳೆ ಬಿದ್ದ ಮೇಲೆ ಶುರು ಮಾಡೋಣ ಅಂದುಕೊಂಡರೆ ಎರಿಮಣ್ಣು ಕೈಗೆ ಸಿಗುವುದಿಲ್ಲ. ಒಣಗಿದಾಗ ಹಾರೆಗೂ ಬಗ್ಗುವುದಿಲ್ಲ, ನೆನೆದಾಗ ಸಲಿಕೆ ಬಿಡುವುದಿಲ್ಲ. ನಡುವೆ ಸಿಗುವ ಹದ ಎರಡು ಮೂರು ದಿನದ್ದು. ಆ ದಿನಗಳನ್ನು ಬಿತ್ತನೆಗೆ ಇಟ್ಟುಕೊಳ್ಳಬೇಕು, ಅಗೆಯುವುದಕ್ಕಲ್ಲ.

ಮೇ ತಿಂಗಳಲ್ಲಿ ಅಗೆಯುವುದು ಹೇಗೆ, ನೆಲ ಕಲ್ಲಾಗಿರುತ್ತದಲ್ಲ ಅನ್ನಬಹುದು. ಎರಡು ದಾರಿ ಇವೆ. ಗುಡುಗು ಗಾಳಿಯ ಜೊತೆ ಒಂದು ಅಡ್ಡಮಳೆ ಬಿದ್ದರೆ ಅದನ್ನು ಬಳಸಿಕೊಳ್ಳಿ. ಬೀಳದಿದ್ದರೆ ಹಿತ್ತಲಿಗೆ ಒಂದು ಸಲ ಚೆನ್ನಾಗಿ ನೀರು ಬಿಟ್ಟು ನಾಲ್ಕೈದು ದಿನ ಕಾಯಿರಿ. ಹದ ನೋಡುವುದು ಸುಲಭ: ನಾಲ್ಕು ಬೆರಳು ಆಳದಿಂದ ಒಂದು ಹಿಡಿ ಮಣ್ಣು ತೆಗೆದು ಉಂಡೆ ಕಟ್ಟಿ, ಸೊಂಟದ ಎತ್ತರದಿಂದ ಬಿಡಿ. ಬಿದ್ದು ಪುಡಿಯಾದರೆ ಅಗೆಯಿರಿ. ಚಪ್ಪಟೆಯಾಗಿ ಕೂತರೆ ಅಥವಾ ಅಂಗೈ ಮೆತ್ತಗೆ ಹೊಳೆದರೆ ಇನ್ನೂ ಒಂದು ದಿನ ಬಿಡಿ. ಮೇಲ್ಮೈ ಒಣಗಿದ್ದು ಕಂಡು ಮೋಸ ಹೋಗಬೇಡಿ, ಕೆಳಗೆ ಇನ್ನೂ ರಾಡಿ ಇರುತ್ತದೆ. ಹಸಿ ಎರಿಯಲ್ಲಿ ಸಲಿಕೆ ಇಳಿಸಿದರೆ ಅದರ ಅಲಗು ಮಣ್ಣನ್ನು ಗಿಲಾಯಿ (ಗಾರೆ) ಮಾಡಿದ ಹಾಗೆ ಸವರುತ್ತದೆ, ಆ ಪದರ ಒಣಗಿದಾಗ ಬೇರೂ ದಾಟದು, ನೀರೂ ಇಳಿಯದು. ಮೇಲೆ ಬಂದ ಹೆಂಟೆ ಇಟ್ಟಂಗಿಯಾಗಿ ದೀಪಾವಳಿವರೆಗೂ ಹಾಗೇ ಉಳಿದೀತು.

ಒಂಬತ್ತು ಇಂಚು ಆಳ ಸಾಕು. ಹೆಂಟೆಗಳನ್ನು ಒಡೆಯುವ ಗೋಜಿಗೆ ಹೋಗಬೇಡಿ. ಕೊಡತಿ ಹಿಡಿದು ಬಡಿಯುವುದು ವ್ಯರ್ಥ ದುಡಿಮೆ. ಬಿಸಿಲಿಗೆ ಕಾದ ಎರಿ ಹೆಂಟೆ ಮೇಲೆ ನಾಲ್ಕು ಹನಿ ಬಿದ್ದರೆ ಅದು ತಾನೇ ಅರಳಿ ಸಾಸಿವೆಯಂತಹ ಕಾಳಾಗುತ್ತದೆ. ಹಿಗ್ಗುವ, ಕುಗ್ಗುವ ಜೇಡಿಯ ಗುಣವೇ ಅದು. ಬೇಸಿಗೆಯಲ್ಲಿ ಬಿರುಕು ಬಿಡುವುದೂ ಅದರಿಂದಲೇ. ಆ ಬಿರುಕುಗಳಿಗೆ ಮರಳು ಸುರಿಯುವ ಬದಲು ಪುಡಿ ತಿಪ್ಪಿಗೊಬ್ಬರ ಗುಡಿಸಿ ಹಾಕಿ, ಒಂದು ಅಡಿ ಕೆಳಗೆ ಗೊಬ್ಬರ ಮುಟ್ಟಿಸಲು ಇದಕ್ಕಿಂತ ಅಗ್ಗದ ಉಪಾಯವಿಲ್ಲ.

ಇನ್ನು ಕಸ, ಅಂದರೆ ಕಳೆ. ಹಿತ್ತಲಿನ ಮೂರು ಶತ್ರುಗಳು ಜೇಕು, ಕರಿಕೆ (ಗರಿಕೆ), ಕಾಂಗ್ರೆಸ್ ಕಸ (ಪಾರ್ಥೇನಿಯಂ). ಮೂರಕ್ಕೂ ಮದ್ದು ಬೇರೆ ಬೇರೆ.

ಜೇಕಿನ ಎಲೆ ಕೀಳುವುದು ಅದಕ್ಕೆ ಸಂತೋಷದ ಸಂಗತಿ, ಕೆಳಗಿನ ಗಡ್ಡೆಯಿಂದ ವಾರದಲ್ಲಿ ಮತ್ತೆ ಏಳುತ್ತದೆ. ಗಡ್ಡೆಗಳು ಬಹುತೇಕ ಮೇಲಿನ ಆರೆಂಟು ಇಂಚಿನಲ್ಲೇ, ದಾರದಲ್ಲಿ ಪೋಣಿಸಿದ ಹಾಗೆ ಸಾಲಾಗಿ ಇರುತ್ತವೆ. ಅಗೆತದ ಹೆಂಟೆಯನ್ನು ಬುಡಮೇಲು ಮಾಡಿ ಹದಿನೈದು ದಿನ ಬಿಸಿಲಿಗೆ ಬಿಟ್ಟರೆ ಗಡ್ಡೆ ಸುಕ್ಕಿ ಸಾಯುತ್ತದೆ. ವಿಜಯಪುರದ ಬಿಸಿಲಿನಿಂದ ನಮಗಾಗುವ ಒಂದೇ ಉಪಕಾರ ಇದು, ಬಿಡಬಾರದು. ನಡುವೆ ನೀರು ತಾಗಬಾರದು, ತಾಗಿದರೆ ಲೆಕ್ಕ ಮೊದಲಿನಿಂದ. ಕರಿಕೆ ಕಾಂಡದ ಪ್ರತಿ ಗಿಣ್ಣೂ ಒಂದು ಸಸಿ. ಪವರ್ ಟಿಲ್ಲರ್ ಬಾಡಿಗೆ ತಂದು ಓಡಿಸಿದರೆ ಒಂದು ಬಳ್ಳಿ ನೂರು ತುಂಡಾಗಿ ಹಿತ್ತಲ ತುಂಬ ನಾಟಿಯಾಗುತ್ತದೆ. ಅದನ್ನು ಹಲ್ಲುಗುದ್ದಲಿಯಿಂದ ಎಬ್ಬಿಸಿ ಕೈಯಲ್ಲಿ ಎಳೆದು ತೆಗೆಯುವುದೇ ಸರಿ. ಕಾಂಗ್ರೆಸ್ ಕಸವನ್ನು ಹೂ ಬಿಡುವ ಮೊದಲು, ಕೈಗೆ ಗವಸು ಹಾಕಿ, ಬೇರು ಸಮೇತ ಕಿತ್ತು ಗೊಬ್ಬರದ ಗುಂಡಿಗೆ ಹಾಕಬಹುದು. ಬಿಳಿ ಹೂ ಕಂಡ ಮೇಲೆ ಗುಂಡಿಗೆ ಬೇಡ.

ಪ್ಲಾಸ್ಟಿಕ್ ಹಾಳೆ ಹೊದಿಸಿ ಮಣ್ಣು ಕಾಯಿಸುವ ಪದ್ಧತಿಯೂ ಇದೆ. ಹಾಳೆ ಪಾರದರ್ಶಕ ಇರಬೇಕು, ಕರಿದಲ್ಲ. ಕೆಳಗಿನ ಮಣ್ಣು ಹಸಿ ಇರಬೇಕು. ಅಂಚನ್ನು ಮಣ್ಣಲ್ಲಿ ಹೂತು ಗಾಳಿ ಆಡದಂತೆ ಮುಚ್ಚಬೇಕು. ನಾಲ್ಕರಿಂದ ಆರು ವಾರ ಬೇಕು. ಕಸದ ಬೀಜ, ಸಸಿ ಕೊಳೆಯುವ ರೋಗದ ಶಿಲೀಂಧ್ರ, ಜಂತುಹುಳು ತಗ್ಗುತ್ತವೆ. ಜೇಕು ಮಾತ್ರ ಸೂಜಿಯಂತಹ ಮೊಳಕೆಯಿಂದ ಹಾಳೆಯನ್ನೇ ತೂತು ಮಾಡಿ ಮೇಲೆ ಬರುತ್ತದೆ. ಜೇಕಿರುವ ಹಿತ್ತಲಿಗೆ ಇದರ ಖರ್ಚು ದಂಡ.

ಮಣ್ಣು ಪರೀಕ್ಷೆ ಮಾಡಿಸುವುದಾದರೆ ಇದೇ ಸಮಯ. ಐದಾರು ಕಡೆ ಅರ್ಧ ಅಡಿ ಆಳದ ‘ವಿ’ ಆಕಾರದ ಗುಣಿ ತೋಡಿ, ಅದರ ಗೋಡೆಯಿಂದ ಮೇಲಿಂದ ಕೆಳಗಿನವರೆಗೆ ಒಂದು ಬೆರಳು ದಪ್ಪ ಮಣ್ಣು ಕೆರೆದು, ಎಲ್ಲ ಕೂಡಿಸಿ, ನೆರಳಲ್ಲಿ ಒಣಗಿಸಿ ಅರ್ಧ ಕಿಲೋ ಕೊಡಿ. ತಿಪ್ಪಿಯ ಪಕ್ಕದ್ದು, ಬಚ್ಚಲ ನೀರು ಹರಿಯುವ ಕಡೆಯದ್ದು ಬೇಡ. ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ವಿಚಾರಿಸಿ. ವಿಜಯಪುರದವರಿಗೆ ಹಿಟ್ನಳ್ಳಿಯ ಕೇಂದ್ರ ಹತ್ತಿರ, ಬಾಗಲಕೋಟೆಯವರಿಗೆ ತೋಟಗಾರಿಕೆ ವಿಶ್ವವಿದ್ಯಾಲಯವೇ ಊರಲ್ಲಿದೆ. ಜಿಪ್ಸಂ ಹಾಕಬೇಕೋ ಬೇಡವೋ ಎಂಬುದನ್ನು ಆ ಚೀಟಿ ನೋಡಿಯೇ ತೀರ್ಮಾನಿಸಿ. ಸೋಡಿಯಂ ಹೆಚ್ಚಿರುವ ಸವಳು ಮಣ್ಣಿಗೆ ಅದು ಬೇಕು, ಬರೀ ಸುಣ್ಣದ ಮಣ್ಣಿಗೆ ಅದರಿಂದ ಏನೂ ಆಗುವುದಿಲ್ಲ.

ಗೊಬ್ಬರದ ಅಳತೆಯನ್ನು 4 ಅಡಿ ಅಗಲ, 10 ಅಡಿ ಉದ್ದದ ಒಂದು ಮಡಿಗೆ ಹೇಳುತ್ತೇನೆ. ಪೂರ್ತಿ ಕಳಿತ ತಿಪ್ಪಿಗೊಬ್ಬರ 10 ಕಿಲೋ, ಬೇವಿನ ಹಿಂಡಿ 100 ಗ್ರಾಂ, ಸತುವಿನ ಸಲ್ಫೇಟ್ 10 ಗ್ರಾಂ. ಮೊದಲ ಸಲ ಹಿತ್ತಲು ಮಾಡುವವರು ತಿಪ್ಪಿಗೊಬ್ಬರ ಎರಡರಷ್ಟು ಹಾಕಿದರೂ ತಪ್ಪಿಲ್ಲ. ಸತುವನ್ನು ಸೂಪರ್ ಫಾಸ್ಫೇಟ್ ಅಥವಾ ಡಿಎಪಿ ಜೊತೆ ಒಂದೇ ಬುಟ್ಟಿಯಲ್ಲಿ ಕಲಸಬೇಡಿ, ಎರಡೂ ಒಂದನ್ನೊಂದು ಕಟ್ಟಿಹಾಕುತ್ತವೆ. ಆ 10 ಕಿಲೋ ಗೊಬ್ಬರಕ್ಕೆ 100 ಗ್ರಾಂ ಟ್ರೈಕೋಡರ್ಮಾ (ರೋಗದ ಶಿಲೀಂಧ್ರವನ್ನು ಹತ್ತಿಕ್ಕುವ ಒಳ್ಳೆಯ ಶಿಲೀಂಧ್ರ) ಪುಡಿ ಬೆರೆಸಿ, ನೀರು ಚಿಮುಕಿಸಿ, ನೆರಳಲ್ಲಿ ಗೋಣಿಚೀಲ ಮುಚ್ಚಿ ಹದಿನೈದು ದಿನ ಇಟ್ಟು ಆಮೇಲೆ ಮಡಿಗೆ ಹಾಕಿದರೆ ಬುಡ ಕೊಳೆಯುವ ಕಾಟ ಕಡಿಮೆ. ಪುಡಿಯನ್ನು ನೇರ ಬಿಸಿಲ ನೆಲಕ್ಕೆ ಎರಚುವುದು ದುಡ್ಡು ಸುಟ್ಟಂತೆ.

ಗೊಬ್ಬರ ಕಳಿತಿದೆಯೇ ಎಂದು ನೋಡಲು ಗುಂಪಿನ ಒಳಗೆ ಕೈ ಹಾಕಿ. ಬೆಚ್ಚಗಿದ್ದರೆ, ಸೆಗಣಿಯ ವಾಸನೆ ಬಂದರೆ, ಕಣಿಕಿಯ (ಜೋಳದ ದಂಟು) ತುಂಡು ಗುರುತು ಸಿಕ್ಕರೆ ಆಗಿಲ್ಲ. ಹಸಿ ಗೊಬ್ಬರದ ಜೊತೆ ಗೊಣ್ಣೆಹುಳು, ಗೆದ್ದಲು, ಒಂದು ಹೊಲದಷ್ಟು ಕಸದ ಬೀಜ ಬಿಟ್ಟಿಯಾಗಿ ಬರುತ್ತವೆ. ಟ್ರ್ಯಾಕ್ಟರ್‌ನವರು ‘ಎರಡು ವರ್ಷದ ಗೊಬ್ಬರ’ ಅಂತಲೇ ಹೇಳುತ್ತಾರೆ, ನೀವು ಕೈ ಹಾಕಿಯೇ ನೋಡಿ.

ಮಸಾರಿಮಣ್ಣು ತರಿಸುವವರಿಗೆ ಒಂದು ಮಾತು. ಎರಿಯ ಮೇಲೆ ಅರ್ಧ ಅಡಿ ಕೆಂಪುಮಣ್ಣು ಹಾಸಿಬಿಟ್ಟರೆ ನೋಡಲು ಚಂದ, ಆದರೆ ಮೇಲಿನ ಪದರ ಬೇಗ ಕುಡಿದ ನೀರನ್ನು ಕೆಳಗಿನದು ನಿಧಾನ ಎಳೆಯುತ್ತದೆ. ಎರಡರ ಸಂಧಿಯಲ್ಲಿ ನೀರು ನಿಂತು ಬೇರು ಕೊಳೆಯುತ್ತದೆ. ತಂದರೆ ಅಗೆದು ಕಲಸಿ, ಇಲ್ಲವೇ ತರಲೇಬೇಡಿ.

ಮಡಿ ಏರು ಇರಬೇಕೋ ತಗ್ಗು ಇರಬೇಕೋ ಎಂಬ ಜಗಳಕ್ಕೆ ಉತ್ತರ ಹಂಗಾಮಿನಲ್ಲಿದೆ. ಮುಂಗಾರಿಗೆ ಅರ್ಧ ಅಡಿ ಏರಿಸಿದ ಮಡಿ, ನಡುವೆ ಒಂದೂವರೆ ಅಡಿ ದಾರಿ. ಆ ದಾರಿಯೇ ಕಾಲುವೆ, ಅದರ ಇಳಿಜಾರು ಹಿತ್ತಲಿನಿಂದ ಹೊರಗೆ. ಬೆಳಗಾವಿ ಊರಲ್ಲಿ ಜುಲೈ ಮಳೆ ಬಿಡದೆ ಸುರಿಯುವುದರಿಂದ ಒಂದು ಅಡಿ ಏರಿಸಿದರೆ ಒಳ್ಳೆಯದು. ವಿಜಯಪುರ, ಬಾಗಲಕೋಟೆಯಲ್ಲಿ ಅಷ್ಟು ಏರಿಸಿದರೆ ಜುಲೈನ ಬರಗಾಳಿಗೆ ಮಡಿ ಸುತ್ತಲೂ ಒಣಗಿ ಬಿರಿಯುತ್ತದೆ. ಇಲ್ಲಿ ಜೋರು ಮಳೆ ಸೆಪ್ಟೆಂಬರಿನದು. ಹಿಂಗಾರಿಗೆ, ಹಸ್ತದ ಮಳೆ ಆದ ಮೇಲೆ, ಮೆಂತ್ಯ, ಕೊತ್ತಂಬರಿ, ಗಜ್ಜರಿಗೆ (ಕ್ಯಾರೆಟ್) ಅದೇ ಜಾಗವನ್ನು ಸಪಾಟು ಮಾಡಿ ಸುತ್ತ ಬದು ಕಟ್ಟಿ. ಮನೆಯ ಗೋಡೆ, ಕಂಪೌಂಡ್ ಎರಡರಿಂದಲೂ ಮೂರು ಅಡಿ ಬಿಟ್ಟು ಮಡಿ ಮಾಡಿ. ಅಡಿಪಾಯದ ಪಕ್ಕದ ಎರಿಗೆ ಒಂದು ಕಡೆ ದಿನಾ ನೀರು, ಇನ್ನೊಂದು ಕಡೆ ಒಣ ಇದ್ದರೆ ಗೋಡೆ ಬಿರಿಯುತ್ತದೆ, ಎಷ್ಟೋ ಮನೆಗಳ ಮೂಲೆಯ ಬಿರುಕಿಗೆ ಹೂವಿನ ಕುಂಡವಲ್ಲ, ಹೂವಿನ ಪಾತಿಯೇ ಕಾರಣ.

ನಿಂಬೆ ಗಿಡ ಇಲ್ಲದ ಹಿತ್ತಲು ನಮ್ಮ ಕಡೆ ಅಪರೂಪ, ನಿಂಬೆಗೆ ಹೆಸರಾದ ಇಂಡಿ ಪಕ್ಕದಲ್ಲೇ ಇದೆಯಲ್ಲ. ಹೊಸದು ನೆಡುವವರು ಎರಡು ಅಡಿ ಉದ್ದ, ಅಗಲ, ಆಳದ ಗುಣಿಯನ್ನು ಮೇ ತಿಂಗಳಲ್ಲೇ ತೋಡಿ ಬಿಸಿಲಿಗೆ ಬಿಡಿ. ನೆಡುವ ಮೊದಲು ಗುಣಿಗೆ ನೀರು ತುಂಬಿ ನೋಡಿ. ಮರುದಿನವೂ ನಿಂತಿದ್ದರೆ ಅದು ಗುಣಿಯಲ್ಲ, ಹೌದು (ನೀರಿನ ತೊಟ್ಟಿ) ಅನ್ನಬೇಕು. ಗೋಡೆಗಳನ್ನು ಹಾರೆಯಿಂದ ಒರಟು ಮಾಡಿ, ಇಲ್ಲವೇ ಜಾಗ ಬದಲಿಸಿ. ಹಳೆಯ ಗಿಡದಲ್ಲಿ ಒಣಗಿದ ರೆಂಬೆ, ಕಸಿಯ ಕೆಳಗಿನ ಚಿಗುರು ತೆಗೆದು, ಕಡಿದ ಜಾಗಕ್ಕೆ ಬೋರ್ಡೋ ಮುಲಾಮು ಹಚ್ಚಿ: ಮೈಲುತುತ್ತ 100 ಗ್ರಾಂ, ಸುಟ್ಟ ಸುಣ್ಣ 100 ಗ್ರಾಂ, ನೀರು ಒಂದು ಲೀಟರ್. ಎರಡನ್ನೂ ಅರ್ಧರ್ಧ ಲೀಟರಿನಲ್ಲಿ ಬೇರೆ ಬೇರೆ ಕರಗಿಸಿ ಪ್ಲಾಸ್ಟಿಕ್ ಬಕೆಟ್‌ನಲ್ಲೇ ಕೂಡಿಸಿ. ಕಬ್ಬಿಣದ ಪಾತ್ರೆ ಬೇಡ. ನೀರಿನ ಪಾತಿ ಕಾಂಡಕ್ಕೆ ತಾಗಬಾರದು. ಬುಡಕ್ಕೆ ಸಣ್ಣ ದಿಬ್ಬ ಏರಿಸಿ, ಪಾತಿಯನ್ನು ಅದರ ಹೊರಗೆ ಸುತ್ತಿಸಿ. ಕಾಂಡ ನೆನೆಯುತ್ತಲೇ ಇದ್ದರೆ ತೊಗಟೆ ಒಡೆದು ಅಂಟು ಸೋರುತ್ತದೆ. ನುಗ್ಗೆಯನ್ನು ಮೂರು ನಾಲ್ಕು ಅಡಿಗೆ ಕಡಿಯಲೂ ಇದೇ ಸಮಯ. ಮಲ್ಲಿಗೆಗೆ ಈಗ ಕತ್ತರಿ ಬೇಡ.

ಡ್ರಿಪ್ ಇದ್ದವರು ಪೈಪಿನ ಕೊನೆಯ ಮುಚ್ಚಳ ಬಿಚ್ಚಿ ನೀರು ತಿಳಿಯಾಗುವ ತನಕ ಹರಿಸಿ. ಬೋರಿನ ಗಡಸು ನೀರಿಗೆ ಬಿಳಿ ಕಟ್ಟಿದ ಡ್ರಿಪ್ಪರ್‌ಗಳನ್ನು ಬಿಚ್ಚಿ ಒಂದು ರಾತ್ರಿ ವಿನೆಗರ್‌ನಲ್ಲಿ ಹಾಕಿ ತೊಳೆದರೆ ಸಾಕು.

ಬದನಿ, ಟೊಮ್ಯಾಟೊ, ಮೆಣಸಿನ ಸಸಿಗಳಿಗೆ ಬೀಜ ಹಾಕುವುದು ಮೇ ಕೊನೆಗೆ. ಟೊಮ್ಯಾಟೊ 25–30 ದಿನಕ್ಕೆ, ಬದನಿ 30–35ಕ್ಕೆ, ಮೆಣಸು 35–40ಕ್ಕೆ ನಾಟಿಗೆ ಬರುತ್ತದೆ. ಸಸಿಮಡಿಯ ಮೇಲೆ 40 ಮೆಶ್‌ನ ನೈಲಾನ್ ಪರದೆ ಕಟ್ಟಿ. ಎಲೆ ಮುದುಡುವ ರೋಗವನ್ನು ಬಿಳಿನೊಣ ಟೊಮ್ಯಾಟೊ ಸಸಿಗೆ ಹಚ್ಚುವುದು ಈ ವಯಸ್ಸಿನಲ್ಲೇ, ಆಮೇಲೆ ಹೊಲದಲ್ಲಿ ಏನು ಸಿಂಪಡಿಸಿದರೂ ಗಿಡ ತಿರುಗಿ ಬರುವುದಿಲ್ಲ. ನಾಟಿಗೆ ಅಂತರ ಬದನಿಗೆ 75×60 ಸೆಂಟಿಮೀಟರ್, ಟೊಮ್ಯಾಟೊಗೆ 60×45. ನಾಟಿ ಮಾಡಿದ ಮೇಲೆ ಹೊಸ ಎಲೆ ಹಳದಿಯಾಗಿ ನರ ಮಾತ್ರ ಹಸಿರಿದ್ದರೆ ಅದು ಕಬ್ಬಿಣದ ಕೊರತೆ. ಲೀಟರ್ ನೀರಿಗೆ ಫೆರಸ್ ಸಲ್ಫೇಟ್ 5 ಗ್ರಾಂ, ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ) 1 ಗ್ರಾಂ ಹಾಕಿ ಸಂಜೆ ಎಲೆಗೆ ಸಿಂಪಡಿಸಿ, ವಾರ ಬಿಟ್ಟು ಮತ್ತೊಮ್ಮೆ. ಮಣ್ಣಿಗೆ ಹಾಕಿದ ಫೆರಸ್ ಸಲ್ಫೇಟ್ ಇಲ್ಲಿ ಗಿಡಕ್ಕೆ ಸಿಗುವುದು ಕಡಿಮೆ.

‘ರೋಹಿಣಿ ಮಳೆ ಆದರೆ ಓಣಿ ತುಂಬ ಜೋಳ’ ಅನ್ನುತ್ತಾರೆ. ಹಿತ್ತಲಿಗೆ ಮಾತ್ರ ಮಿರಗಕ್ಕಿಂತ ಮುಂಚಿನ ಈ ರೋಹಿಣಿಯ ಮೊದಲ ಮಳೆಯನ್ನು ಕಸಕ್ಕೆ ಬಿಟ್ಟುಕೊಡಿ. ತಯಾರಾದ ಮಡಿಯ ಮೇಲೆ ವಾರ ಹತ್ತು ದಿನದಲ್ಲಿ ಹಸಿರು ನವಿರಾಗಿ ಏಳುತ್ತದೆ. ಕುರ್ಪಿಯಿಂದ ಒಂದು ಇಂಚು ಮಾತ್ರ ಕೆರೆದು ಅದನ್ನು ತೆಗೆಯಿರಿ. ಆಳಕ್ಕೆ ಹೋದರೆ ಹೊಸ ಬೀಜ ಮೇಲೆ ಬಂದು ಮಾಡಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು. ಆಮೇಲೆ ಮಿರಗದ ಹದಕ್ಕೆ ಬೆಂಡಿ, ಚವಳಿ (ಗೋರಿಕಾಯಿ), ಹೀರಿ. ಬೆಂಡಿಬೀಜ ರಾತ್ರಿಯಿಡೀ ನೆನೆಸಿ, ಒಂದು ಅಡಿಗೊಂದರಂತೆ ಮುಕ್ಕಾಲು ಇಂಚು ಆಳಕ್ಕೆ ಊರಿ. ಬೀಜದ ಮೇಲೆ ಎರಿಮಣ್ಣು ಮುಚ್ಚದೆ ಪುಡಿಗೊಬ್ಬರವನ್ನೇ ಮುಚ್ಚಿ. ಬಿತ್ತಿದ ಮರುದಿನ ಸರಿ ಮಳೆಯಾಗಿ ಬಿಸಿಲು ಬಿದ್ದರೆ ಎರಿಯ ಮೇಲೆ ಹಪ್ಪಳದಂತೆ ಪದರ ಕಟ್ಟುತ್ತದೆ, ಮೊಳಕೆ ಅದರಡಿ ಮುರಿಟಿ ಸಾಯುತ್ತದೆ. ಗೊಬ್ಬರ ಹಾಗೆ ಕಟ್ಟುವುದಿಲ್ಲ. ಎಂಟನೇ ದಿನಕ್ಕೂ ಏಳದ ಗುಣಿಗಳನ್ನು ಬೆರಳಿಂದ ಕೆದರಿ ನೋಡಿ. ಬೀಜ ಗಟ್ಟಿಯಿದ್ದರೆ ಒಂದು ಚೆಂಬು ನೀರು ಹಾಕಿ, ಮೆತ್ತಗಾಗಿದ್ದರೆ ಅವತ್ತೇ ಇನ್ನೆರಡು ಬೀಜ ಊರಿ.